ಮೌನವೆಂದರೆ ಪಲಾಯನವೇ?

"ಮನೆ ತುಂಬ ಕೆಲಸವಿರುವಾಗ ಸುಮ್ಮನೆ ಕುಳಿತುಕೊಳ್ಳುವುದು ಸೋಮಾರಿತನವಲ್ಲವೇ, ಫಾದರ್?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ.

ಪ್ರವಾದಿ ಎಲೀಯನು ರಾಣಿ ಈಜೆಬೆಲಳಿಗೆ ಹೆದರಿ ಹೋರೇಬ್ ಬೆಟ್ಟದವರೆಗೂ ಓಡಿಹೋದನು. ಅಲ್ಲಿ ಬಿರುಗಾಳಿ, ಭೂಕಂಪ, ಬೆಂಕಿ ಎಲ್ಲವೂ ಕಳೆದ ಮೇಲೆ ಮೆಲುದನಿಯೊಂದು ಕೇಳಿಸಿತು. ಆದರೆ ದೇವರು ಅವನನ್ನು ಗವಿಯಲ್ಲಿಯೇ ಇರಿಸಿಕೊಳ್ಳಲಿಲ್ಲ; ಬಂದ ದಾರಿಯಲ್ಲೇ ಹಿಂದಿರುಗಿಸಿ ಹೊಸ ಕೆಲಸ ಒಪ್ಪಿಸಿದರು. ನಿಜವಾದ ಮೌನದ ಗುರುತು ಇದೇ: ಅದು ನಮ್ಮನ್ನು ಕರ್ತವ್ಯಕ್ಕೆ ಮರಳಿಸುತ್ತದೆ.

ನಾಳೆ ಮುಂಜಾನೆ ಟಿ.ವಿ., ಮೊಬೈಲ್ ಮುಟ್ಟುವ ಮುನ್ನ ಹಿತ್ತಿಲ ಬಾಗಿಲು ತೆರೆದು ಐದು ನಿಮಿಷ ಕುಳಿತುಕೊಳ್ಳಿ. ಹಕ್ಕಿಗಳ ಚಿಲಿಪಿಲಿಯ ನಡುವೆ, ನೀವು ಮಾತು ಬಿಟ್ಟಿರುವ ತಮ್ಮನ ನೆನಪು ಬರಬಹುದು. ಬಂದರೆ ತಳ್ಳಿಹಾಕಬೇಡಿ. ಸಂಜೆಯೊಳಗೆ ಅವನ ಮನೆಗೆ ಹೋಗಿಬನ್ನಿ.