ಗುರುಭಕ್ತಿಗೆ ಭಯ ಬೇಕೇ?

ಗುರುವಿನ ಮೇಲೆ ಭಕ್ತಿ ಹುಟ್ಟಬೇಕಾದರೆ ಮೊದಲು ಭಯ ಇರಲೇಬೇಕೇ? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯೆಯಾಗಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಾಲೆಗಳಿಗೆ ಹೋಗುತ್ತ ಬಂದ ನನಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಎತ್ತರ, ತೂಕ, ಕಣ್ಣು, ಹಲ್ಲು, ರಕ್ತಹೀನತೆ ನೋಡುವುದು ನನ್ನ ಕೆಲಸ. ಭಯವನ್ನು ಅಳೆಯುವ ಸಾಧನ ನನ್ನ ಬಳಿ ಇಲ್ಲ, ಆದರೆ ಅದು ಮೈಮೇಲೆ ಕಾಣುತ್ತದೆ.

ಬೀಳಗಿ ಕಡೆ, ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಬಂದವರ ಪುನರ್ವಸತಿ ಕೇಂದ್ರದ ಶಾಲೆ. ಆರನೇ ಇಯತ್ತೆಯ ಹುಡುಗಿಯೊಬ್ಬಳು, "ಗಣಿತದ ತಾಸು ಬಂತಂದ್ರ ಹೊಟ್ಟಿ ಕಡೀತೈತ್ರೀ ಮೇಡಂ" ಅಂದಳು. ಜ್ವರವಿಲ್ಲ, ವಾಂತಿಯಿಲ್ಲ, ಜಂತುಹುಳುವಿನ ಗುಳಿಗೆಯನ್ನೂ ನುಂಗಿದ್ದಳು. ಹಾಗೆಂದು ಆ ನೋವು ನೆಪವಲ್ಲ. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ, ಕರುಳಿನ ಚಲನೆ ಏರುಪೇರಾಗುತ್ತದೆ. ದಿನವೂ ಹೀಗೇ ನಡೆದರೆ ನಿದ್ದೆ, ಹಸಿವು, ನೆನಪು ಮೂರೂ ಕೆಡುತ್ತವೆ. ಕಲಿಯಲೆಂದು ಹುಟ್ಟಿಸಿದ ಭಯ ಕಲಿಯುವ ಶಕ್ತಿಯನ್ನೇ ತಿನ್ನುತ್ತದೆ.

ಕೂಡಲಸಂಗಮ ನಮ್ಮ ಜಿಲ್ಲೆಯದೇ. ದೇಹವನ್ನೇ ದೇಗುಲವಾಗಿ ಕಂಡ ಬಸವಣ್ಣನವರ ನೆಲ ಇದು. ಶರಣರ ಅಷ್ಟಾವರಣದಲ್ಲಿ ಮೊದಲು ಬರುವುದು ಗುರು. ದೀಕ್ಷೆ ಕೊಡುವಾಗ ಗುರು ಶಿಷ್ಯನ ತಲೆಯ ಮೇಲೆ ಕೈಯಿಡುತ್ತಾನೆ, ಹಸ್ತಮಸ್ತಕ ಸಂಯೋಗವೆಂದರೆ ಅದೇ. ಇವೆಲ್ಲವನ್ನೂ ನಂಬುವ ನಾವು ಒಂದು ಮಾತನ್ನು ಒಪ್ಪಲೇಬೇಕು: ಮಗುವಿನ ಮೈ ಗುಡಿಯಾದರೆ, ಆ ಮೈಯೊಳಗೆ ನಡುಕ ತುಂಬುವುದು ಗುರುವಿನ ಕೆಲಸವಾಗಲಾರದು.

"ಛಡಿ ಛಂ ಛಂ, ವಿದ್ಯಾ ಘಂ ಘಂ" ಎನ್ನುವ ಹಿರಿಯರು ಇಲ್ಲಿ ಇನ್ನೂ ಇದ್ದಾರೆ. ತಾವು ಹೊಡೆತ ತಿಂದೇ ಶಾಣ್ಯಾ ಆದೆವು ಎಂದು ಅವರು ಮನಃಪೂರ್ವಕವಾಗಿ ನಂಬಿದ್ದಾರೆ. ಆದರೆ ಹಾಗೆ ಸಾಕ್ಷಿ ಹೇಳುವವರು ಶಾಲೆಯಲ್ಲಿ ಉಳಿದವರು. ಛಡಿಗೆ ಹೆದರಿ ಪಾಟಿಚೀಲ ಬಿಟ್ಟು ಮಗ್ಗಕ್ಕೋ ಕಬ್ಬಿನ ಹೊಲಕ್ಕೋ ಹೋದವರನ್ನು ಯಾರು ಕೇಳಿದ್ದಾರೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎತ್ತಿದ ಕೈಯನ್ನು ಕಾನೂನು ತಡೆಯಬಹುದು. ತಡೆದ ಕೈ ಏನು ಮಾಡಬೇಕೆಂಬುದನ್ನು ನಾನು ಬನಹಟ್ಟಿಯ ಒಬ್ಬ ಮಾಸ್ತರರಲ್ಲಿ ಕಂಡೆ. ನೇಕಾರರ ಮನೆಯ ಹುಡುಗನೊಬ್ಬ ದಿನವೂ ತೂಕಡಿಸುತ್ತಿದ್ದ. ಅವರು ಬಯ್ಯಲಿಲ್ಲ. ಬಿಸಿಯೂಟದ ಹೊತ್ತಿನಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ವಿಚಾರಿಸಿದರು. ರಾತ್ರಿ ಕಂಡಿಕೆ ಸುತ್ತಬೇಕು, ಮಲಗಿದರೆ ಪವರ್‌ಲೂಮಿನ ಸದ್ದಿಗೆ ನಿದ್ದೆ ಹತ್ತುವುದಿಲ್ಲ. ಮಾಸ್ತರು ಮನೆಗೆ ಹೋಗಿ ಅಪ್ಪನೊಡನೆ ಮಾತಾಡಿದರು. ಕಂಡಿಕೆಯ ಕೆಲಸ ಸಂಜೆಗೇ ಮುಗಿಯುವಂತಾಯಿತು. ಆ ಹುಡುಗ ಇಂದು ಅವರಿಗೆ ತೋರುವ ಗೌರವದಲ್ಲಿ ಎಳ್ಳಷ್ಟೂ ಭಯವಿಲ್ಲ.

ಇದು ಹೊಸ ಕಾಲದ ಮೆದುತನವೂ ಅಲ್ಲ. ತೈತ್ತಿರೀಯ ಉಪನಿಷತ್ತಿನ ಶಾಂತಿಮಂತ್ರದಲ್ಲಿ ಗುರುವೂ ಶಿಷ್ಯನೂ ಒಟ್ಟಿಗೆ ಬೇಡಿಕೊಳ್ಳುತ್ತಾರೆ: ಇಬ್ಬರಿಗೂ ರಕ್ಷಣೆ ಸಿಗಲಿ, ನಮ್ಮ ನಡುವೆ ದ್ವೇಷ ಬಾರದಿರಲಿ ಎಂದು. ಕಲಿಕೆಯಲ್ಲಿ ಇಬ್ಬರೂ ನೋಯಬಹುದು ಎಂಬ ಅರಿವು ಆ ಬೇಡಿಕೆಯಲ್ಲಿದೆ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಂಡು, ಹಾಲು ಮೊಟ್ಟೆಯ ಲೆಕ್ಕವನ್ನೂ ಬರೆಯುವ ಶಿಕ್ಷಕರ ದಣಿವು ಮಕ್ಕಳ ಮೇಲೆ ಸಿಟ್ಟಾಗಿ ಇಳಿಯುವುದನ್ನು ನಾನು ನೋಡಿದ್ದೇನೆ. ಅವರ ಆರೋಗ್ಯವನ್ನು ಯಾರೂ ತಪಾಸಣೆ ಮಾಡುವುದಿಲ್ಲ.

ಬಿಹಾರದ ನಳಂದಾ ಜಿಲ್ಲೆಯ 70ಕ್ಕೂ ಹೆಚ್ಚು ಪ್ರೌಢಶಾಲೆಗಳಲ್ಲಿ ನಡೆದ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಕ್ಕಳ ಮಾತು ಕೇಳಿ ಶಾಲೆಯ ವಾತಾವರಣ ತಿದ್ದಲೆಂದೇ ತರಬೇತಾದ ಸಲಹೆಗಾರರು ಇದ್ದ ಕಡೆ ಮಕ್ಕಳ ಖಿನ್ನತೆ, ಪೀಡನೆ, ಹಿಂಸೆ ಕಡಿಮೆಯಾದವು. ಅದೇ ಕೆಲಸವನ್ನು ಶಿಕ್ಷಕರ ಹೆಗಲಿಗೆ ಹೊರಿಸಿದ ಶಾಲೆಗಳಲ್ಲಿ ಅಂಥ ಫಲ ಸಿಗಲಿಲ್ಲ. ಶಿಕ್ಷಕರಿಗೆ ಉಪದೇಶ ಮಾಡಿದರಷ್ಟೇ ಸಾಲದು, ಜತೆಗಾರರನ್ನೂ ಕೊಡಬೇಕು.

ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನನನ್ನು ಅಜಿತಸೇನಾಚಾರ್ಯರು ಶಿಷ್ಯನಾಗಿ ಸ್ವೀಕರಿಸಿದರು. 993ರ ಅಜಿತಪುರಾಣ ಆ ನಂಬಿಕೆಯ ಫಲವೂ ಹೌದು. ಶಿಷ್ಯನನ್ನು ಮೊದಲು ನಂಬುವವನೇ ಗುರು. ಭಕ್ತಿ ಅದರ ಹಿಂದೆ ತಾನಾಗಿ ಬರುತ್ತದೆ. ತನಗೇನೋ ನೋವಾದಾಗ ಮಗು ಯಾವ ಅಳುಕೂ ಇಲ್ಲದೆ ಮೊದಲು ಹೋಗಿ ಹೇಳುವುದು ಮಾಸ್ತರರಿಗೇ ಎಂದಾದರೆ, ಆ ಶಾಲೆಯಲ್ಲಿ ಗುರುಭಕ್ತಿ ಇದೆ ಎಂದು ನಾನು ನಂಬುತ್ತೇನೆ.