ಗ್ರಂಥರಕ್ಷಣೆಯೂ ನಿರ್ಭಯ ನುಡಿಯೂ

ಯಾದಗಿರಿಯ ಸಮೀಪದ ಅಬ್ಬೆತುಮಕೂರಿನ ಶ್ರೀ ವಿಶ್ವಾರಾಧ್ಯರ ಸನ್ನಿಧಿಗೆ ನಡೆದುಕೊಳ್ಳುವ ಸದ್ಭಕ್ತರ ಮನೆಗಳಲ್ಲಿ ಹಿರಿಯರ ಕಾಲದ ತಾಡವೋಲೆಯ ಕಟ್ಟೊಂದು ಇದ್ದರೆ, ಅದನ್ನು ಮಡಿಬಟ್ಟೆಯಲ್ಲಿ ಸುತ್ತಿ, ಜಗಲಿಯ ಮೇಲಿರಿಸಿ, ವಿಭೂತಿಯಿಟ್ಟು ಪೂಜಿಸುವರು. ಇದು ಮೆಚ್ಚತಕ್ಕ ಆಚಾರವೇ ಸರಿ. ಆದರೆ ಕಟ್ಟನ್ನು ಪೂಜಿಸುವದು ಸುಲಭ. ಆ ಕಟ್ಟಿಗೆ ಆಪತ್ತು ಬಂದಾಗ ನಡೆಯತಕ್ಕ ದಾರಿಯನ್ನು ಅರಿಯುವದು ಕಠಿಣ. ಶಸ್ತ್ರಬಲವು ಊರನ್ನು ಮುತ್ತಿದಾಗ ಗ್ರಂಥಪಾಲಕನು ಬಾಗಿಲು ಹಾಕಿಕೊಂಡು ಸುಮ್ಮನಿರಬೇಕೋ, ಅಥವಾ ಸೈನ್ಯವನ್ನು ಕಳುಹಿಸಿದವರ ಮುಂದೆ ನಿಂತು ಇದು ಅಧರ್ಮವೆಂದು ನುಡಿಯಬೇಕೋ? ಇದನ್ನು ಶರಣರ ಕಾಯಕತತ್ತ್ವದ ಬೆಳಕಿನಲ್ಲಿ ವಿಚಾರಿಸಬೇಕಾಗಿದೆ.

ಪ್ರಶ್ನೆಯು ಕೇವಲ ಕಲ್ಪಿತವಾದುದಲ್ಲ. 2003ರಲ್ಲಿ ಅಮೆರಿಕ, ಬ್ರಿಟನ್ ಮೊದಲಾದ ರಾಷ್ಟ್ರಗಳ ಸೈನ್ಯಗಳು ಇರಾಕ್ ದೇಶವನ್ನು ಹೊಕ್ಕವು. ಆಗ ಬಸ್ರಾ ನಗರದ ಕೇಂದ್ರ ಗ್ರಂಥಾಲಯದ ಮುಖ್ಯ ಪಾಲಕಿಯಾಗಿದ್ದವಳು ಆಲಿಯಾ ಮಹಮ್ಮದ್ ಬಾಕರ್ ಎಂಬ ಸಾಧ್ವಿ. ಗ್ರಂಥಗಳನ್ನು ಬೇರೆಡೆಗೆ ಸಾಗಿಸಲು ಅಧಿಕಾರಿಗಳು ಅನುಮತಿ ಕೊಡಲಿಲ್ಲ. ಆಕೆ ಎದೆಗುಂದದೆ ತನ್ನ ಮನೆಗೇ ಅವುಗಳನ್ನು ಒಯ್ಯತೊಡಗಿದಳು. ಯುದ್ಧವು ಊರೊಳಗೆ ಬಂದಾಗ ನೆರೆಹೊರೆಯವರು ಕೂಡಿ, ಗೋಡೆಯ ಮೇಲಿಂದ ಕೈಗೆ ಕೈ ದಾಟಿಸಿ, ಪಕ್ಕದ ಭೋಜನಶಾಲೆಯಲ್ಲಿ ಗ್ರಂಥಗಳನ್ನು ಅಡಗಿಸಿದರು. ಹೊತ್ತವರಲ್ಲಿ ಓದುಬಾರದವರೂ ಇದ್ದರು! ಕೆಲವೇ ದಿನಗಳಲ್ಲಿ ಆ ಗ್ರಂಥಾಲಯವು ಬೆಂಕಿಗೆ ಆಹುತಿಯಾಯಿತು. ಸುಮಾರು 30,000 ಗ್ರಂಥಗಳು ಮಾತ್ರ ಉಳಿದುಕೊಂಡವು. ಅದೇ ಏಪ್ರಿಲ್ ತಿಂಗಳಿನಲ್ಲಿ ಬಾಗ್ದಾದಿನ ರಾಷ್ಟ್ರೀಯ ಗ್ರಂಥಾಲಯವೂ ಸುಲಿಗೆಗೂ ಬೆಂಕಿಗೂ ತುತ್ತಾಯಿತು.

ಇತ್ತ, ಸೈನ್ಯವನ್ನು ಕಳುಹಿಸಿದ ದೇಶದಲ್ಲಿಯೇ ಇನ್ನೊಂದು ಸಂಗತಿ ನಡೆಯಿತು. 1876ರಲ್ಲಿ ಸ್ಥಾಪಿತವಾದ ಅಮೆರಿಕದ ಗ್ರಂಥಾಲಯ ಸಂಘದ ಆಡಳಿತ ಪರಿಷತ್ತು 2005ರ ಜೂನ್ ತಿಂಗಳಲ್ಲಿ ಷಿಕಾಗೋ ನಗರದಲ್ಲಿ ಸೇರಿದಾಗ, ತಮ್ಮ ಸೈನ್ಯವು ಇರಾಕಿನಿಂದ ಹಿಂದೆಗೆಯಬೇಕೆಂದೂ, ಅಲ್ಲಿಗೆ ಸುರಿಯುವ ಹಣವು ಜನಹಿತದ ಕಾರ್ಯಗಳಿಗೆ ಸಲ್ಲಬೇಕೆಂದೂ ನಿರ್ಣಯವನ್ನು ಸ್ವೀಕರಿಸಿತು.

ಇಲ್ಲಿ ಒಂದು ಶಂಕೆ ಹುಟ್ಟುವದು. ಗ್ರಂಥ ಕೊಡುವದಷ್ಟೇ ಗ್ರಂಥಪಾಲಕನ ಕಾಯಕ. ರಾಜ್ಯನೀತಿಯ ಗೊಡವೆ ಆತನಿಗೇಕೆ? ಎಲ್ಲ ಪಕ್ಷದವರೂ ಬರುವ ಸ್ಥಳದಲ್ಲಿ ಕುಳಿತವನು ಒಂದು ಪಕ್ಷವನ್ನು ಹಿಡಿಯಬಹುದೇ? ಆ ವೃತ್ತಿಯವರೊಳಗೇ ಈ ವಾದವು ಬಹುಕಾಲದಿಂದ ನಡೆದುಬಂದಿದೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತವರ ಕುಲವನ್ನು ಕೇಳದಂತೆ, ಗ್ರಂಥ ಬೇಡಿ ಬಂದವನ ಮತವನ್ನು ಪಾಲಕನು ಕೇಳಕೂಡದು. ಯುದ್ಧವನ್ನು ಸಮರ್ಥಿಸುವ ಗ್ರಂಥವನ್ನೂ ಆತನು ಜೋಪಾನ ಮಾಡಬೇಕು. ಯುದ್ಧವನ್ನು ಬಯಸುವ ಓದುಗನಿಗೂ ನಗುಮೊಗದಿಂದ ಕೊಡಬೇಕು. ಇದರಲ್ಲಿ ತಪ್ಪಿದವನು ಕಾಯಕಭ್ರಷ್ಟನು. ಆದರೆ ಓದುಗರಲ್ಲಿ ಸಮಭಾವವಿರುವದು ಬೇರೆ, ಓಲೆಗೂ ಉರಿಗೂ ನಡುವೆ ಸಮಭಾವ ತಾಳುವದು ಬೇರೆ. ಹೊಲ ಕಾಯುವವನು ಬೇಲಿ ಮುರಿದುದನ್ನು ಕಂಡು ಕೂಗಿದರೆ ಅದು ಪಕ್ಷಪಾತವಲ್ಲ, ಅವನ ಕಾಯಕವೇ. ಆದುದರಿಂದ ಗ್ರಂಥಪಾಲಕನ ಪ್ರತಿಭಟನೆಯು ಆತನ ಕಾಯಕದಿಂದಲೇ ಹುಟ್ಟಬೇಕು, ಆ ಕಾಯಕದ ಮೇರೆಯನ್ನು ಮೀರಬಾರದು.

ಇನ್ನೊಂದು ಸೂಕ್ಷ್ಮವುಂಟು. ಪರರ ಸೈನ್ಯವನ್ನು ನಿಂದಿಸುವದು ಯಾರಿಗೂ ಕಷ್ಟವಲ್ಲ. 1858ರಲ್ಲಿ ಆಂಗ್ಲರ ಸೈನ್ಯವು ಸುರಪುರವನ್ನು ಮುತ್ತಿದುದನ್ನೂ ರಾಜಾ ವೆಂಕಟಪ್ಪನಾಯಕರ ದುರಂತವನ್ನೂ ನೆನೆದು ಈ ನಾಡಿನವರು ಇಂದಿಗೂ ಮರುಗುವರು. ತನ್ನ ನಾಡಿನ ಸೈನ್ಯವೇ ಪರರ ಊರನ್ನು ಹೊಕ್ಕಾಗ ಬೇಡವೆನ್ನುವದೇ ನಿಜವಾದ ಒರೆಗಲ್ಲು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಆದರೂ ಹರಳಯ್ಯ ಮಧುವರಸರಿಗೆ ವಿಧಿಸಿದ ಶಿಕ್ಷೆಗೆ ಅವರು ಒಪ್ಪಲಿಲ್ಲವೆಂದು ಪರಂಪರೆ ಸಾರುವದು. ಅರಸನ ಅನ್ನವು ಅವರ ನಾಲಗೆಯನ್ನು ಕಟ್ಟಲಿಲ್ಲ.

ಹಾಗೆ ನುಡಿದುದರಿಂದ ಫಲವೇನು? ಅಮೆರಿಕದ ಸೈನ್ಯವು ಇರಾಕನ್ನು ಬಿಟ್ಟುದು 2011ರ ಡಿಸೆಂಬರಿನಲ್ಲಿ. ಪುನಃ 2014ರಲ್ಲಿ ಅಲ್ಲಿಗೆ ಮರಳಿತು. ನಿರ್ಣಯವು ಸೈನ್ಯವನ್ನು ತಡೆಯಲಿಲ್ಲವೆಂಬುದು ಸ್ಪಷ್ಟ. ಕಲ್ಯಾಣದಲ್ಲಿಯಾದರೂ ಆದುದೇನು? ಬಿಜ್ಜಳನ ವಧೆಯ ಕಾಲದ ಕ್ಷೋಭೆಯಲ್ಲಿ ಚೆನ್ನಬಸವಣ್ಣನವರು ಮೊದಲಾದ ಶರಣರು ವಚನಗಳ ಕಟ್ಟುಗಳೊಡನೆ ಉಳವಿಯತ್ತ ನಡೆದರೆಂದೂ, ಬೆನ್ನಟ್ಟಿದ ಸೈನ್ಯಕ್ಕೆ ಮಡಿವಾಳ ಮಾಚಿದೇವರು ಅಡ್ಡನಿಂತರೆಂದೂ ಹೇಳುವರು. ಅದು ಪರದೇಶದ ಸೈನ್ಯವಲ್ಲ, ಸ್ವಂತ ನಾಡಿನ ಅರಸೊತ್ತಿಗೆಯದು. ಅಂದು ನೋಡಿದವರಿಗೆ ಶರಣರು ಸೋತವರಂತೆಯೇ ಕಂಡಿರಬೇಕು. ಆದರೆ ಏಳು ಶತಮಾನಗಳು ಕಳೆದ ಮೇಲೆ, ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಮಠಮನೆಗಳಲ್ಲಿ ಉಳಿದಿದ್ದ ಆ ಕಟ್ಟುಗಳನ್ನು ಅರಸಿ ತಂದು, 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಕಾಯ್ದವರಿಗೆ ಫಲದ ದಿನ ತಿಳಿದಿರಲಿಲ್ಲ. ಫಲವನ್ನು ಎಣಿಸಿ ಮಾಡುವದು ವ್ಯಾಪಾರ. ಎಣಿಸದೆ ಮಾಡುವದೇ ಕಾಯಕ.

ಬಸ್ರಾದ ಸಾಧ್ವಿ ಹೊತ್ತಳು. ಅಮೆರಿಕದ ಪಾಲಕರು ನುಡಿದರು. ಹೊರದೆ ಬರಿದೇ ನುಡಿದರೆ ಅದು ಬಾಯಿಮಾತು. ನುಡಿಯದೆ ಬರಿದೇ ಹೊತ್ತರೆ ಉರಿ ಮತ್ತೊಂದು ಊರಿಗೆ ಹಬ್ಬುವದು. ನಡೆ ನುಡಿಗಳೆರಡೂ ಕೂಡಿದಲ್ಲಿಯೇ ಧರ್ಮವು ಪೂರ್ಣವಾಗುವದು.

ಸಂಸಾರಿಗಳಾದ ಭಕ್ತರು ಇದರಿಂದ ಗ್ರಹಿಸತಕ್ಕುದೇನು? ಜಗಲಿಯ ಮೇಲಿನ ಕಟ್ಟನ್ನು ಬಿಚ್ಚಿ ಓದಲಿ, ಓದಬಲ್ಲವರಿಂದ ಓದಿಸಲಿ, ಹುಳು ಹಿಡಿಯದಂತೆ ಕಾಯಲಿ, ಮಕ್ಕಳಿಗೆ ಅದರ ಅರ್ಥವನ್ನು ತಿಳಿಸಲಿ. ತಮ್ಮವರೇ ಬಲದಿಂದ ಮತ್ತೊಬ್ಬರ ಹೊಸ್ತಿಲನ್ನು ತುಳಿಯುವದನ್ನು ಕಂಡಾಗ, ಮನೆಯಲ್ಲಿಯಾಗಲಿ ಊರಲ್ಲಿಯಾಗಲಿ ದೇಶದಲ್ಲಿಯಾಗಲಿ, ದ್ವೇಷವಿಲ್ಲದೆ, ಅಂಜಿಕೆಯಿಲ್ಲದೆ, ಬೇಡವೆಂದು ಹೇಳಲಿ. ಅಂಥ ಮನೆಯಲ್ಲಿರುವ ಕಟ್ಟಿಗೇ ವಿಭೂತಿಯು ಶೋಭಿಸುವದು.