ಹಸುಮಕ್ಕಳೂ ಹಾಳಾದ ಭೂಮಿಯ ಚಿತ್ರವೂ



ಶ್ರೀಮಠದ ಹಳೆಯ ವಿದ್ಯಾರ್ಥಿಗಳು ಕುಟುಂಬ ಸಮೇತರಾಗಿ ಕೂಡುವ ಬೇಸಿಗೆಯ ಸಮ್ಮೇಳನದಲ್ಲಿ, ಹಿರಿಯರ ಭಾಷಣಗಳಿಂದ ಬಳಲಿದ ಮಕ್ಕಳಿಗೆ ಏನನ್ನಾದರೂ ತೋರಿಸಬೇಕೆಂದು ಕಾರ್ಯಕರ್ತರು ನಮ್ಮ ಅಪ್ಪಣೆ ಕೇಳಿದರು. ಅವರು ಆರಿಸಿದ್ದು ‘ವಾಲ್-ಈ’ ಎಂಬ ಅಮೆರಿಕದ ಅನಿಮೇಷನ್ ಚಿತ್ರ. ಅದರಲ್ಲಿ ಪರಿಸರ ರಕ್ಷಣೆಯ ಸಂದೇಶವಿದೆ, ಅಶ್ಲೀಲವಾದುದೇನೂ ಇಲ್ಲ ಎಂದರು. ಸಂದೇಶವಿದೆಯೆಂದ ಮೇಲೆ ಯೋಚಿಸುವುದೇನಿದೆ ಎಂದುಕೊಂಡು ನಾವು ಒಪ್ಪಿದೆವು. ವಾರ ಕಳೆದ ಬಳಿಕ ಭಕ್ತೆಯೊಬ್ಬರು ದರ್ಶನಕ್ಕೆ ಬಂದರು. “ಬುದ್ಧಿ, ನಮ್ಮ ಮಗಳಿಗೆ ಇನ್ನೂ ಐದು ತುಂಬಿಲ್ಲ. ಆವತ್ತು ಚಿತ್ರ ನೋಡಿದಾಗಿನಿಂದ ರಾತ್ರಿ ದೀಪ ಆರಿಸಿದರೆ ಸಾಕು, ನಾವೂ ಮನೆ ಬಿಟ್ಟು ಹೋಗಬೇಕಾ ಅಮ್ಮ ಅಂತ ಕೇಳ್ತಾಳೆ. ಏನು ಹೇಳಲಿ?” ಎಂದರು. ಆ ತಾಯಿ ದೂರಲು ಬಂದವರಲ್ಲ. ಆದರೆ ಅಪ್ಪಣೆ ಕೊಟ್ಟವರು ನಾವು. ಉತ್ತರದ ಹೊಣೆಯೂ ನಮ್ಮದೇ. ಅಂದು ಹೇಳಿದ ನಾಲ್ಕು ಸಮಾಧಾನದ ಮಾತುಗಳು ನಮಗೇ ಸಾಲದೆನಿಸಿದುದರಿಂದ, ಆ ಚಿತ್ರವನ್ನು ಮತ್ತೆರಡು ಬಾರಿ ಏಕಾಂತದಲ್ಲಿ ಕುಳಿತು ನೋಡಿದೆವು. ಆಗ ಹೊಳೆದುದನ್ನು ತಮ್ಮ ಮುಂದಿಡುತ್ತಿದ್ದೇವೆ.

ನೋಡದವರಿಗಾಗಿ ಕಥೆಯನ್ನು ಸಂಗ್ರಹಿಸಿ ಹೇಳುವುದು ಅವಶ್ಯ. ೨೦೦೮ರಲ್ಲಿ ಪಿಕ್ಸಾರ್ ಸಂಸ್ಥೆ ನಿರ್ಮಿಸಿದ, ಆಂಡ್ರ್ಯೂ ಸ್ಟಾಂಟನ್ ನಿರ್ದೇಶಿಸಿದ ಈ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಅನಿಮೇಷನ್ ಚಿತ್ರವೆಂದು ಆಸ್ಕರ್ ಪ್ರಶಸ್ತಿ ಸಂದಿದೆ. ಮನುಷ್ಯರು ಕೊಂಡು, ಬಳಸಿ, ಬಿಸುಟು, ಭೂಮಿಯನ್ನೆಲ್ಲ ಕಸದಿಂದ ತುಂಬಿಸಿ, ಕೊನೆಗೆ ಬದುಕಲಾರದೆ ಆಕಾಶನೌಕೆಗಳನ್ನೇರಿ ಹೊರಟುಹೋಗಿದ್ದಾರೆ. ಐದು ವರ್ಷಕ್ಕೆಂದು ಹೋದವರು ಏಳುನೂರು ವರ್ಷವಾದರೂ ಮರಳಿಲ್ಲ. ಕಸವನ್ನು ಒತ್ತಿ ಚೌಕದ ಗಟ್ಟಿಗಳನ್ನಾಗಿ ಮಾಡಿ ಪೇರಿಸಲೆಂದು ಬಿಟ್ಟುಹೋದ ಯಂತ್ರಗಳಲ್ಲಿ ಒಂದು ಮಾತ್ರ ಇನ್ನೂ ದುಡಿಯುತ್ತಿದೆ. ಅದೇ ವಾಲ್-ಈ. ಜೊತೆಗಿರುವುದು ಒಂದು ಜಿರಲೆ. ಒಮ್ಮೆ ಅದಕ್ಕೆ ಹಸಿರು ಸಸಿಯೊಂದು ಸಿಗುತ್ತದೆ. ಅದನ್ನು ಮಣ್ಣುಸಹಿತ ಹಳೆಯ ಬೂಟಿನೊಳಗಿಟ್ಟು ಕಾಪಾಡುತ್ತದೆ. ಭೂಮಿಯಲ್ಲಿ ಜೀವ ಮರಳಿದೆಯೇ ಎಂದು ಹುಡುಕಲು ಬಂದ ಈವ್ ಎಂಬ ಇನ್ನೊಂದು ಯಂತ್ರ ಆ ಸಸಿಯನ್ನು ನೌಕೆಗೆ ಒಯ್ಯುತ್ತದೆ. ವಾಲ್-ಈ ಬೆನ್ನುಹತ್ತಿ ಹೋಗುತ್ತದೆ. ನೌಕೆಯ ಜನರೋ ತೇಲುವ ಕುರ್ಚಿಗಳಿಂದ ಏಳದೆ, ಕಣ್ಣಮುಂದಿನ ಪರದೆಯಿಂದ ದೃಷ್ಟಿ ಕದಲಿಸದೆ, ಉಬ್ಬಿದ ದೇಹದವರಾಗಿ ಬದುಕುತ್ತಿದ್ದಾರೆ. ಹಳೆಯ ಗುಪ್ತ ಆಜ್ಞೆಗೆ ಬದ್ಧವಾದ ಚಾಲಕಯಂತ್ರವು ಸಸಿಯನ್ನು ಇಲ್ಲವಾಗಿಸಲು ನೋಡುತ್ತದೆ. ಕಡೆಗೆ ಕಪ್ತಾನನು ತನ್ನ ಕಾಲಮೇಲೆ ಎದ್ದು ನಿಂತು ಅದನ್ನು ನಿಲ್ಲಿಸುತ್ತಾನೆ. ನೌಕೆ ಭೂಮಿಗೆ ಮರಳುತ್ತದೆ.

ಸತ್ಯವನ್ನು ಹೇಳಬೇಕೆಂದರೆ ಚಿತ್ರ ನಮಗೆ ಹಿಡಿಸಿತು. ಮೊದಲ ಅರ್ಧಗಂಟೆಯಲ್ಲಿ ಸಂಭಾಷಣೆಯೇ ಇಲ್ಲವೆನ್ನಬಹುದು. ಇಂಗ್ಲಿಷ್ ಬಾರದ ನಮ್ಮ ಪ್ರಸಾದ ನಿಲಯದ ಮಕ್ಕಳೂ ತಡವರಿಸದೆ ಕಥೆಯನ್ನು ಹಿಡಿದರು. ನೋಡುವವರಿಲ್ಲ, ಮೆಚ್ಚುವವರಿಲ್ಲ, ಸಂಬಳವಿಲ್ಲ. ಆದರೂ ಬೆಳಗಾದರೆ ಬುತ್ತಿಪೆಟ್ಟಿಗೆಯಂತಹ ಡಬ್ಬಿಯೊಂದನ್ನು ಬೆನ್ನಿಗೇರಿಸಿಕೊಂಡು ಕೆಲಸಕ್ಕೆ ಹೊರಡುವ ಆ ಯಂತ್ರವನ್ನು ಕಂಡಾಗ ನಮಗೆ ಕಾಯಕದ ನೆನಪಾಗದೆ ಇರಲಿಲ್ಲ. ಇದನ್ನು ಓದಿ, ಸ್ವಾಮಿಗಳು ಯಂತ್ರಕ್ಕೂ ಲಿಂಗದೀಕ್ಷೆ ಕೊಟ್ಟರೆಂದು ತಾವು ನಗಬಹುದು. ನಗಿರಿ. ಮಕ್ಕಳು ಅದನ್ನು ಪ್ರೀತಿಸಿದ್ದಂತೂ ನಿಜ.

ಹಾಗಾದರೆ ಆ ಹುಡುಗಿಯ ನಿದ್ದೆ ಕೆಟ್ಟುದೇಕೆ? ಮಗುವು ಕಿರಿದಾದ ದೊಡ್ಡವನಲ್ಲ ಎಂಬುದನ್ನು ನಾವು ಮರೆತಿದ್ದೆವು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆಯು ಎಳೆಯ ಮಕ್ಕಳು ಜಡವಸ್ತುಗಳಿಗೂ ಪ್ರಾಣವನ್ನೂ ಇಚ್ಛೆಯನ್ನೂ ಆರೋಪಿಸುವರೆಂದು ಕಳೆದ ಶತಮಾನದ ಆದಿಯಲ್ಲೇ ತೋರಿಸಿಕೊಟ್ಟನು. ಹೀಗಿರುವಲ್ಲಿ ವಾಲ್-ಈ ನಜ್ಜುಗುಜ್ಜಾಗಿ, ದುರಸ್ತಿಯಾದ ಮೇಲೂ ತನ್ನ ಗೆಳತಿಯ ಗುರುತನ್ನೇ ಮರೆತು ನಿಲ್ಲುವ ದೃಶ್ಯವು ನಮಗೆ ಕಥೆಯ ತಿರುವು, ಐದು ವರ್ಷದವಳಿಗೆ ಮರಣ. ಮುಂದೆ ನೆನಪು ಮರಳುತ್ತದೆ, ನಿಜ. ಆದರೆ ಅಷ್ಟರಲ್ಲಿ ಕೆಲವು ಮಕ್ಕಳು ತಾಯಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಾಗಿತ್ತು. ಇನ್ನು ‘ಏಳುನೂರು ವರ್ಷ’ ಎಂಬ ಮಾತು. ನಾಳೆ, ನಾಡಿದ್ದುಗಳನ್ನೇ ಸರಿಯಾಗಿ ಎಣಿಸಲಾರದ ಮಗುವಿಗೆ ಏಳುನೂರು ವರ್ಷವೂ ಒಂದೇ, ಇಂದಿನ ರಾತ್ರಿಯೂ ಒಂದೇ. ಮನೆ ಬಿಟ್ಟು ಹೋಗಬೇಕೇ ಎಂದು ಅವಳು ಕೇಳಿದ್ದು ಅವಿವೇಕವಲ್ಲ. ಚಿತ್ರ ಹೇಳಿದ್ದನ್ನು ಅವಳು ನಂಬಿದಳು, ಅಷ್ಟೇ. ಅಲ್ಲದೆ ಚಿತ್ರ ಒಂದೂವರೆ ಗಂಟೆಗೂ ಮಿಕ್ಕಿದ್ದು. ಮೂರು ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆಯ ಮುಂದೆ ಕೂರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಹೇಳಿದೆ. ಆ ಸಂಜೆ ಮೂರು ವರ್ಷದವರೂ ಇದ್ದರು.

ಇದಕ್ಕಿಂತ ಗಹನವಾದ ಪ್ರಶ್ನೆಯೊಂದಿದೆ. ಪರಿಸರದ ಸಂದೇಶವೆಂದು ನಾವು ಕರೆಯುವುದರಲ್ಲಿ ಎರಡು ಸಂಗತಿಗಳು ಕಲೆತಿರುತ್ತವೆ: ಭೂಮಿ ಪ್ರೀತಿಗೆ ಯೋಗ್ಯವಾದುದು ಎಂಬುದೊಂದು, ಅದನ್ನು ಹಾಳುಮಾಡಿದ ಅಪರಾಧ ನಿಮ್ಮದು ಎಂಬುದಿನ್ನೊಂದು. ಮೊದಲನೆಯದು ಯಾವ ವಯಸ್ಸಿನವರಿಗೂ ಸಲ್ಲುತ್ತದೆ. ಎರಡನೆಯದು ಯಾರಿಗೆ ಸಲ್ಲಬೇಕು? ಅರಿತು, ಬಯಸಿ, ಮಾಡಿದವನು ಮಾತ್ರ ದೋಷಕ್ಕೆ ಭಾಗಿ. ಕರ್ತವ್ಯವನ್ನು ಹೊರಿಸುವ ಮೊದಲು ಅದನ್ನು ನೆರವೇರಿಸುವ ಶಕ್ತಿ ಇದೆಯೇ ಎಂದು ನೋಡಬೇಕೆಂಬುದು ಜರ್ಮನಿಯ ಕಾಂಟನ ವಿಚಾರದಲ್ಲಿಯೂ ಅಡಗಿದೆ. ಅಂಗಡಿಯಲ್ಲಿ ಏನನ್ನು ಕೊಳ್ಳಬೇಕು, ಹೊಲಕ್ಕೆ ಏನನ್ನು ಸಿಂಪಡಿಸಬೇಕು, ಕಾರ್ಖಾನೆಯ ನೀರನ್ನು ಎಲ್ಲಿಗೆ ಬಿಡಬೇಕು ಎಂಬುದರಲ್ಲಿ ಯಾವ ಮಾತೂ ನಡೆಯದ ಮಗುವಿನ ಕೈಗೆ ‘ಭೂಮಿಯನ್ನು ಉಳಿಸು’ ಎಂಬ ಫಲಕವನ್ನು ಕೊಟ್ಟು ಮೆರವಣಿಗೆಯಲ್ಲಿ ನಿಲ್ಲಿಸುವುದು ನ್ಯಾಯವೆಂದು ನಮಗೆ ತೋರದು. ನಮ್ಮ ಸಾಲವನ್ನು ಅದರ ಲೆಕ್ಕಕ್ಕೆ ಬರೆದಂತಾಗುತ್ತದೆ.

ಈ ಮಾತಿಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಎದುರಾಡಿದರು. ಅವರು ಬೆಂಗಳೂರಿನಲ್ಲಿ ಬೆಳ್ಳಂದೂರು ಕೆರೆಯ ಸಮೀಪದ ನಿವಾಸಿ. ೨೦೧೭ರಲ್ಲಿಯೂ ೨೦೧೮ರಲ್ಲಿಯೂ ಆ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡುದನ್ನು ತಾವು ಪತ್ರಿಕೆಗಳಲ್ಲಿ ಓದಿರಬಹುದು. “ಬುದ್ಧಿ, ನೀರೇ ಉರಿಯೋದನ್ನು ನನ್ನ ಮಗ ಮಾಳಿಗೆ ಮೇಲೆ ನಿಂತು ನೋಡಿದಾನೆ. ಅವನಿಂದ ಏನನ್ನು ಮುಚ್ಚಿಡಲಿ?” ಎಂಬುದು ಅವರ ಪ್ರಶ್ನೆ. ಇದು ತಳ್ಳಿಹಾಕುವ ಮಾತಲ್ಲ. ಮುಚ್ಚಿಡಬೇಕೆಂದು ನಾವೂ ಹೇಳುತ್ತಿಲ್ಲ. ಆದರೆ ಆ ಹುಡುಗನು ಬೆಂಕಿಯನ್ನು ನೋಡಿದಾಗ ತಂದೆಯ ಕೈ ಅವನ ಹೆಗಲ ಮೇಲಿತ್ತು. ಮರುದಿನ ಬೆಳಗ್ಗೆ ಅದೇ ಮನೆ, ಅದೇ ಶಾಲೆ ಇತ್ತು. ಕತ್ತಲೆಯ ಸಭಾಂಗಣದಲ್ಲಿ ಇನ್ನೂರು ಮಕ್ಕಳ ನಡುವೆ ಕುಳಿತವಳ ಹೆಗಲ ಮೇಲೆ ಯಾರ ಕೈಯೂ ಇರಲಿಲ್ಲ. ಅವಳ ತಾಯಿ ಆ ಹೊತ್ತಿನಲ್ಲಿ ದಾಸೋಹ ಭವನದಲ್ಲಿ ಬಡಿಸುತ್ತಿದ್ದರು. ಆ ಸೇವೆಗೆ ಅವರನ್ನು ನೇಮಿಸಿದವರೂ ನಾವೇ.

ನಮ್ಮ ಸಂಪ್ರದಾಯವು ಈ ವಿಷಯದಲ್ಲಿ ಅನುಸರಿಸುವ ಕ್ರಮವನ್ನು ನೆನೆಯಿರಿ. ಹುಟ್ಟಿದ ಕೂಸಿಗೆ ಗುರುವು ಲಿಂಗಧಾರಣೆ ಮಾಡುತ್ತಾನೆ. ಅಂದು ಷಟ್‌ಸ್ಥಲವನ್ನು ಬೋಧಿಸುವುದಿಲ್ಲ, ಪಾಪಪುಣ್ಯಗಳನ್ನು ವಿವರಿಸುವುದಿಲ್ಲ. ಕೂಸು ತೊಟ್ಟಿಲಲ್ಲಿ, ಲಿಂಗ ಅದರ ಬಳಿಯಲ್ಲಿ. ತಾಯಿ ಪೂಜೆ ಮಾಡುವುದನ್ನು ಮಗು ವರ್ಷಗಟ್ಟಲೆ ನೋಡುತ್ತದೆ, ವಿಭೂತಿಯ ಗಟ್ಟಿಯನ್ನು ಮುಟ್ಟಿ ಬಯ್ಯಿಸಿಕೊಳ್ಳುತ್ತದೆ, ಬಿಲ್ವಪತ್ರೆಯನ್ನು ಎಣಿಸಿಕೊಡುತ್ತದೆ. ಎಂಟು ವರ್ಷದ ಆಸುಪಾಸಿನಲ್ಲಿ ದೀಕ್ಷೆಯೂ ಉಪದೇಶವೂ ಆಗುತ್ತವೆ. ಸ್ಪರ್ಶ ಮೊದಲು, ಉಪದೇಶ ಆಮೇಲೆ. ಅಮೆರಿಕದ ಶಿಕ್ಷಣತಜ್ಞ ಡೇವಿಡ್ ಸೋಬೆಲ್ ೧೯೯೬ರಲ್ಲಿ ಬರೆದ ಪುಸ್ತಕವೊಂದರಲ್ಲಿ, ನಾಲ್ಕನೆಯ ತರಗತಿಗೆ ಮೊದಲು ಮಕ್ಕಳಿಗೆ ಪ್ರಕೃತಿಯ ದುರಂತಗಳನ್ನು ಬೋಧಿಸಬಾರದು, ಮೊದಲು ಅವರು ಅದರೊಡನೆ ಬೆರೆತು ಆಡಲಿ ಎಂದಿರುವುದನ್ನು ಓದಿದಾಗ ನಮಗೆ ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು. ಕೀಟನಾಶಕಗಳ ವಿಪತ್ತನ್ನು ೧೯೬೨ರಲ್ಲಿ ಜಗತ್ತಿಗೆ ತಿಳಿಸಿದ ರೇಚಲ್ ಕಾರ್ಸನ್ ಎಂಬ ವಿದುಷಿಯೂ ಮಕ್ಕಳ ವಿಷಯ ಬಂದಾಗ ವಿಪತ್ತನ್ನು ಮಾತನಾಡಲಿಲ್ಲ. ಎಳೆಯ ಮಗುವನ್ನು ಕಡಲದಂಡೆಗೂ ಕಾಡಿಗೂ ಕರೆದೊಯ್ದು ಬೆರಗಾಗಿಸುವುದನ್ನೇ ಹೇಳಿದಳು.

ಈ ದೃಷ್ಟಿಯಿಂದ ಜಪಾನಿನ ಹಯಾವೊ ಮಿಯಾಝಾಕಿಯ ಎರಡು ಚಿತ್ರಗಳನ್ನು ಹೋಲಿಸಬಹುದು. ೧೯೮೮ರ ‘ಮೈ ನೇಬರ್ ಟೋಟೊರೊ’ದಲ್ಲಿ ಇಬ್ಬರು ಹುಡುಗಿಯರು ಹಳ್ಳಿಯ ಮನೆಗೆ ಬರುತ್ತಾರೆ, ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಮನೆಯ ಪಕ್ಕದ ಮಹಾವೃಕ್ಷದಲ್ಲಿ ವನದೇವತೆಯಂತಹ ಪ್ರಾಣಿಯೊಂದಿದೆ. ತಂದೆಯು ಮಕ್ಕಳನ್ನು ಆ ಮರದ ಬುಡದಲ್ಲಿ ನಿಲ್ಲಿಸಿ ವಂದನೆ ಮಾಡಿಸುತ್ತಾನೆ. ರಾತ್ರಿ ಮಕ್ಕಳು ಬಿತ್ತಿದ ಬೀಜ ಮುಗಿಲೆತ್ತರದ ಮರವಾಗಿ ಬೆಳೆದಂತೆ ಕಾಣುತ್ತದೆ. ಬೆಳಗೆದ್ದು ನೋಡಿದರೆ ಮರವಿಲ್ಲ, ಮಡಿಯಲ್ಲಿ ಪುಟ್ಟ ಮೊಳಕೆಗಳಿವೆ, ಮಕ್ಕಳು ಕುಣಿಯುತ್ತಾರೆ. ಇಡೀ ಚಿತ್ರದಲ್ಲಿ ದುಷ್ಟನಿಲ್ಲ, ಪರಿಸರವನ್ನು ಕುರಿತ ಒಂದು ಭಾಷಣವಿಲ್ಲ. ಅದೇ ಕೈಯಿಂದ ೧೯೯೭ರಲ್ಲಿ ಬಂದ ‘ಪ್ರಿನ್ಸೆಸ್ ಮೊನೊನೊಕೆ’ಯಲ್ಲಿ ಕಾಡಿಗೂ ಕಬ್ಬಿಣ ಕರಗಿಸುವವರಿಗೂ ಘೋರ ಯುದ್ಧ ನಡೆದು ಕೈಗಳು, ತಲೆಗಳು ಕತ್ತರಿಸಿ ಬೀಳುತ್ತವೆ. ವಿಚಾರದಲ್ಲಿ ಅದೇ ದೊಡ್ಡ ಚಿತ್ರ. ಎರಡು ಪಕ್ಷಗಳ ನ್ಯಾಯವನ್ನೂ ಅದು ಬಲ್ಲದು. ಕಾಲೇಜಿನ ಹುಡುಗರು ನೋಡಲಿ. ಬಣ್ಣದ ಗೊಂಬೆಗಳಿವೆಯೆಂಬ ಕಾರಣಕ್ಕೆ ಹಸುಮಕ್ಕಳ ಮುಂದೆ ಹಾಕಿದರೆ, ಆ ತಪ್ಪು ಮಿಯಾಝಾಕಿಯದಲ್ಲ.

ನಮ್ಮ ಗಮನಕ್ಕೆ ತಡವಾಗಿ ಬಂದ, ಹೆಚ್ಚು ನೋವಿನ ಸಂಗತಿ ಮತ್ತೊಂದಿದೆ. ಪ್ರಸಾದ ನಿಲಯದಲ್ಲಿ ಸ್ಥೂಲಕಾಯದ ಹುಡುಗನೊಬ್ಬನಿದ್ದಾನೆ. ಚಿತ್ರದ ಮರುದಿನವೇ ಜೊತೆಯವರು ಅವನನ್ನು ‘ನೌಕೆಯವನು’ ಎಂದು ಕರೆಯತೊಡಗಿದರು. ಅವನು ಎರಡು ಹೊತ್ತು ಪಂಕ್ತಿಗೆ ಬರಲಿಲ್ಲವೆಂದು ನಿಲಯಪಾಲಕರು ತಿಳಿಸಿದಾಗಲೇ ನಮಗೆ ಎಚ್ಚರವಾದುದು. ಭೋಗದಲ್ಲಿ ಮುಳುಗಿ ಜಡರಾದವರನ್ನು ತೋರಿಸಲು ಈ ಚಿತ್ರವು ದಪ್ಪ ದೇಹವನ್ನೇ ಗುರುತಾಗಿ ಬಳಸಿದೆ. ಚಿತ್ರ ತೆರೆಕಂಡ ಕಾಲದಲ್ಲೇ ಅಮೆರಿಕದಲ್ಲಿ ಇದಕ್ಕೆ ಆಕ್ಷೇಪವೆದ್ದಿತ್ತು. ದೇಹದ ಗಾತ್ರವು ಶೀಲದ ಅಳತೆಯಲ್ಲ. ಭೂಮಿಯ ಮೇಲೆ ಕರುಣೆ ಕಲಿಸಲು ಹೋಗಿ ಪಕ್ಕದ ಎಲೆಯಲ್ಲಿ ಉಣ್ಣುವವನ ಮೇಲೆ ನಿರ್ದಯೆಯನ್ನು ಕಲಿಸಿದೆವಲ್ಲ ಎಂದು ಆ ರಾತ್ರಿ ಪರಿತಪಿಸಿದೆವು. ಹುಡುಗನನ್ನು ಕರೆಸಿ ಬಳಿಯಲ್ಲಿ ಕೂರಿಸಿಕೊಂಡು ಪ್ರಸಾದ ಕೊಟ್ಟೆವು. ಅವನು ಉಂಡನು, ಮಾತನಾಡಲಿಲ್ಲ. ಕೂಗಿದವರನ್ನು ದಂಡಿಸಲಿಲ್ಲ; ಅವರು ಕಲಿತದ್ದು ನಾವು ತೋರಿಸಿದ್ದರಿಂದಲೇ.

ಇನ್ನೊಂದು ವೈಚಿತ್ರ್ಯವನ್ನು ಮಾತ್ರ ಸೂಚಿಸಿ ಮುಂದೆ ಹೋಗುತ್ತೇವೆ. ನೌಕೆಯಲ್ಲಿ ಕೂಸುಗಳಿಗೆ ಪರದೆಯೇ ಅಕ್ಷರಾಭ್ಯಾಸ ಮಾಡಿಸುತ್ತದೆ, ಅದೂ ವ್ಯಾಪಾರ ಸಂಸ್ಥೆಯ ಹೆಸರಿನಿಂದ. ಆ ದೃಶ್ಯವನ್ನು ನಮ್ಮ ಮಕ್ಕಳು ನೋಡಿದ್ದೂ ಪರದೆಯಲ್ಲಿಯೇ. ಅತಿಯಾಗಿ ಕೊಳ್ಳಬೇಡಿ ಎನ್ನುವ ಆ ಚಿತ್ರದ ಯಂತ್ರದ ಪ್ಲಾಸ್ಟಿಕ್ ಗೊಂಬೆಗಳೂ ಪೇಟೆಯಲ್ಲಿ ಮಾರಾಟವಾದವು.

ಆದುದರಿಂದ ಆ ತಾಯಿಗೆ ನಾವು ಕೊಡುವ ಉತ್ತರ ಇದು. ಆರು ತುಂಬದ ಮಗುವಿಗೆ ಈ ಚಿತ್ರ ಬೇಡ. ಅದನ್ನು ತೋರಿಸಲು ಒಪ್ಪಿದ್ದು ನಮ್ಮ ತಪ್ಪು. ಎಂಟರ ಮೇಲಿನವರು ನೋಡಲಿ, ಆದರೆ ತಂದೆಯೋ ತಾಯಿಯೋ ಪಕ್ಕದಲ್ಲಿರಲಿ, ಬೇಕಾದಾಗ ನಿಲ್ಲಿಸಿ ಮಾತನಾಡುವಂತಿರಲಿ. ನಡುವಣ ವಯಸ್ಸಿನವರ ವಿಷಯದಲ್ಲಿ ಮಗುವನ್ನು ಬಲ್ಲ ತಾಯಿಯ ತೀರ್ಮಾನವೇ ನಮ್ಮ ಅಪ್ಪಣೆಗಿಂತ ದೊಡ್ಡದು. ಈಗಾಗಲೇ ಅಂಜಿದ ಮಗಳಿಗೆ “ಇಲ್ಲ ಕಂದ, ನಾವು ಎಲ್ಲಿಗೂ ಹೋಗುವುದಿಲ್ಲ, ಇದು ನಮ್ಮ ಮನೆ” ಎಂದು ದೀಪ ಹಚ್ಚಿಟ್ಟು ಹೇಳಿರಿ. ಹಗಲು ಒಂದು ಕಾಳನ್ನು ಅವಳ ಕೈಯಿಂದಲೇ ಮಣ್ಣಿಗೆ ಹಾಕಿಸಿರಿ. ಹೆಸರುಕಾಳಾದರೆ ಬೇಗ ಮೊಳೆಯುತ್ತದೆ. ಆ ವಯಸ್ಸಿಗೆ ತಾಳ್ಮೆ ಕಡಿಮೆ.

ಒಂದು ಸಂಗತಿ ಉಳಿಯಿತು. ಚಿತ್ರ ಮುಗಿದು ದೀಪ ಹತ್ತಿದಾಗ ಒಂಬತ್ತು ವರ್ಷದ ಬಾಲಕನೊಬ್ಬನು ನಮ್ಮ ಪೀಠದ ಬಳಿಗೆ ಬಂದು, “ಬುದ್ಧಿ, ಅಷ್ಟೊಂದು ಕಸ ಹಾಕಿದ್ದು ಯಾರು?” ಎಂದು ಕೇಳಿದ್ದನು. ‘ಮನುಷ್ಯರಪ್ಪ’ ಎಂದೆವು. “ಯಾವ ಮನುಷ್ಯರು?” ಎಂದನು. ನಕ್ಕು ತಲೆ ಸವರಿ ಕಳುಹಿಸಿದೆವು. ಆ ಪ್ರಶ್ನೆಗೆ ಇದ್ದ ಉತ್ತರವನ್ನು ಅವನು ಹಿಂದಿನ ಜಾತ್ರೆಯ ಮರುದಿನ ತೇರುಬೀದಿಯಲ್ಲಿ ಕಂಡಿರಲೂಬಹುದು. ಪ್ಲಾಸ್ಟಿಕ್ ಲೋಟ, ತಟ್ಟೆಗಳನ್ನು ೨೦೨೨ರ ಜುಲೈ ೧ರಿಂದ ದೇಶದಾದ್ಯಂತ ನಿಷೇಧಿಸಿದ್ದರೂ, ಆ ಬೀದಿಯಲ್ಲಿ ಅವೂ ಇದ್ದವು, ಒಳಗೆ ಪ್ಲಾಸ್ಟಿಕ್ ಪೊರೆಯಿರುವ ಕಾಗದದ ಲೋಟಗಳೂ ಇದ್ದವು, ಅರ್ಧ ಉಂಡು ಬಿಟ್ಟ ಎಲೆಗಳೂ ಇದ್ದವು. ಪದಾರ್ಥವನ್ನು ಲಿಂಗಕ್ಕರ್ಪಿಸಿ ಪ್ರಸಾದವಾಗಿ ಸ್ವೀಕರಿಸಬೇಕು, ಪ್ರಸಾದದಲ್ಲಿ ಒಂದು ಅಗುಳನ್ನೂ ಚೆಲ್ಲಬಾರದು ಎಂದು ವರ್ಷವಿಡೀ ಬೋಧಿಸುವವರ ಅಂಗಳ ಅದು. ಬಾಲಕನಿಗೆ ‘ನಾವೇ’ ಎಂದು ಹೇಳಬೇಕಾಗಿತ್ತು.

ಬರುವ ಜಾತ್ರೆಯಲ್ಲಿ ಮಜ್ಜಿಗೆ, ಪಾನಕಗಳನ್ನು ಸ್ಟೀಲ್ ಲೋಟಗಳಲ್ಲಿಯೇ ಕೊಡಬೇಕೆಂದು ದಾಸೋಹ ಸಮಿತಿಗೆ ತಿಳಿಸಿದ್ದೇವೆ. ಮಠದಲ್ಲಿರುವ ಲೋಟಗಳು ಅಷ್ಟು ಜನಕ್ಕೆ ಸಾಲುವುದಿಲ್ಲ. ಭಕ್ತರು ಬರುವಾಗ ತಮ್ಮ ಮನೆಯಿಂದ ತಲೆಗೊಂದರಂತೆ ಲೋಟವನ್ನು ತರಬೇಕು. ಮಕ್ಕಳದನ್ನು ಮಕ್ಕಳೇ ಹಿಡಿದುಕೊಂಡು ಬರಲಿ. ತೊಳೆಯಲು ತೇರುಮನೆಯ ಹಿಂದಿನ ನಲ್ಲಿಗಳ ಬಳಿ ವ್ಯವಸ್ಥೆಯಾಗಿದೆ.